ಈ ಊಟ ಮೊದಲು ಯಾರಿಗೆ? – ಆರ್ಡರ್ ಬರೆದುಕೊಳ್ಳುವ ಮುನ್ನ ತಿಳಿದಿರಬೇಕಾದ ನಂಬಿಕೆಗಳು

ಆರ್ಡರ್ ಬರೆದುಕೊಳ್ಳುವಾಗ ನಾವೆಲ್ಲ ಎಷ್ಟು ಜನ, ಎಷ್ಟು ಗಂಟೆಗೆ, ಸಿಹಿ ಯಾವುದು ಎಂದು ಕೇಳುತ್ತೇವೆ. ಈ ಊಟ ಮೊದಲು ಯಾರಿಗೆ ಎಂದು ಕೇಳುವುದು ಕಡಿಮೆ. ಮದುವೆ ಊಟದಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ನಾಲ್ಕು ದಿನದಲ್ಲಿ ಜನ ಮರೆಯುತ್ತಾರೆ. ಶ್ರಾದ್ಧದ ಅಡುಗೆಗೆ ಈರುಳ್ಳಿ ಬಿದ್ದರೆ ಹಾಗಲ್ಲ. ಆ ತಿಥಿ ಮತ್ತೆ ಬರುವುದು ಮುಂದಿನ ವರ್ಷ. ಆದ್ದರಿಂದ ನಿಯಮಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವುಗಳ ಹಿಂದಿರುವ ನಂಬಿಕೆಯನ್ನು ತಿಳಿದುಕೊಳ್ಳುವುದು ನಮ್ಮ ವೃತ್ತಿಗೆ ಒಳ್ಳೆಯದು.

ದೇವರು ಉಂಡ ಮೇಲೆ ನಾವು

ತೈತ್ತಿರೀಯ ಉಪನಿಷತ್ತಿನಲ್ಲಿ ಭೃಗು ಬ್ರಹ್ಮವನ್ನು ಅರಿಯಲು ಹೊರಟಾಗ ಮೊದಲು ಕಂಡುಕೊಳ್ಳುವುದು ಅನ್ನವನ್ನು. ಅನ್ನವನ್ನು ಹಳಿಯಬಾರದು ಎಂಬ ಮಾತೂ ಅಲ್ಲಿದೆ. ತಿರುಪತಿಯ ದೇವರು ಕಾಂಚನಬ್ರಹ್ಮ, ಪಂಢರಪುರದ ವಿಠಲ ನಾದಬ್ರಹ್ಮ, ಉಡುಪಿಯ ಕೃಷ್ಣ ಅನ್ನಬ್ರಹ್ಮ ಎಂದು ನಮ್ಮವರು ಹೇಳುವುದುಂಟು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಆರಂಭಿಸಿದ ಊಟದ ಮನೆಗೆ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಂದೇ ಹೆಸರು.

ಅನ್ನ ದೇವರದು, ಅವನಿಗೆ ಅರ್ಪಿಸಿ ಉಳಿದದ್ದು ನಮಗೆ ಪ್ರಸಾದ ಎಂಬುದು ಇಲ್ಲಿಯ ಮೂಲ ನಂಬಿಕೆ. ಅದಕ್ಕೇ ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಉಪ್ಪು, ಹುಳಿ, ಬೆಲ್ಲವನ್ನು ಅಳತೆಯಿಂದಲೇ ಹಾಕಬೇಕು. ಕೈಯಳತೆ ಪಳಗಿದ ಭಟ್ಟರೇ ಇಂಥ ಕೆಲಸಕ್ಕೆ ಬೇಕು. ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಸೇವಾ ಮಂಡಲದ ಐದು ದಿನಗಳ ಗಣೇಶೋತ್ಸವದಲ್ಲಿ ಸಾವಿರಾರು ಜನ ಉಣ್ಣಲು ಬರುವುದು ಊಟಕ್ಕೆಂದಲ್ಲ, ಪ್ರಸಾದಕ್ಕೆಂದು.

ಉಪವಾಸ ಒಂದೇ, ತಿನಿಸು ಬೇರೆ

ಉಪವಾಸ ಎಂದರೆ ದೇವರ ಸಮೀಪ ಇರುವುದು. ನಾಲಿಗೆಯನ್ನು ಹಿಡಿತದಲ್ಲಿಟ್ಟರೆ ಮನಸ್ಸು ಹಿಡಿತಕ್ಕೆ ಬರುತ್ತದೆ ಎಂಬುದು ನಂಬಿಕೆ. ಆದರೆ ಏನನ್ನು ಬಿಡಬೇಕು ಎಂಬುದು ಮನೆತನಕ್ಕೆ ತಕ್ಕಂತೆ ಬದಲಾಗುತ್ತದೆ. ಮುಂಬಯಿಯಲ್ಲಿ ನಾವು ಎಡವುವುದು ಇಲ್ಲಿಯೇ.

ನಮ್ಮ ಕಡೆ ಹಲವು ಮನೆಗಳಲ್ಲಿ ಬೇಯಿಸಿದ ಅನ್ನ ಮಾತ್ರ ಮುಸುರೆ. ಒಪ್ಪೊತ್ತಿನ ದಿನ ಫಲಾಹಾರವೆಂದು ಅವಲಕ್ಕಿ, ಉಪ್ಪಿಟ್ಟು ನಡೆಯುತ್ತದೆ. ಮರಾಠಿ ಮನೆಯ ಉಪವಾಸಕ್ಕೆ ಅವೆರಡೂ ಸಲ್ಲವು. ಸಾಬುದಾಣಾ, ಬಟಾಟೆ, ನೆಲಗಡಲೆ, ವರೈ ಬೇಕು. ಮಾಧ್ವರ ಕಟ್ಟುನಿಟ್ಟಿನ ಏಕಾದಶಿಯಲ್ಲಿ ಸಾಬುದಾಣಾ ಖಿಚಡಿಯೂ ಇಲ್ಲ. ನಮಗೆ ಕೆಲಸ ಬರುವುದು ಮರುದಿನ ಬೆಳಿಗ್ಗೆ, ದ್ವಾದಶಿಯ ಪಾರಣೆಗೆ.

ಆಷಾಢ ಶುಕ್ಲ ಏಕಾದಶಿಯಿಂದ ಕಾರ್ತಿಕದವರೆಗೆ ಚಾತುರ್ಮಾಸ್ಯ. ಮಾಧ್ವ ಸಂಪ್ರದಾಯದಲ್ಲಿ ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳು ಇಲ್ಲ. ಕ್ಷೀರವ್ರತದವರಿಗೆ ಹಾಲಿನ ಪಾಯಸ, ದ್ವಿದಳವ್ರತದವರಿಗೆ ತೊಗರಿಬೇಳೆಯ ಸಾರು ಬಡಿಸಿದರೆ ಅವರು ಎಲೆಯಿಂದ ಏಳಬೇಕಾಗುತ್ತದೆ.

ಪಿತೃಋಣ

ಮನುಷ್ಯ ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಸಾಲ ಹೊತ್ತು ಹುಟ್ಟುತ್ತಾನೆ ಎಂಬುದು ಇನ್ನೊಂದು ನಂಬಿಕೆ. ಶ್ರಾದ್ಧ ಮೂರನೆಯ ಸಾಲದ ತೀರುವಳಿ. ಉದ್ದಿನ ವಡೆ, ಎಳ್ಳು ಇದರಲ್ಲಿ ಮುಖ್ಯ. ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ. ಹಲವು ಮನೆಗಳಲ್ಲಿ ಹಸಿಮೆಣಸಿನ ಬದಲು ಕಾಳುಮೆಣಸು ಹಾಕುತ್ತಾರೆ. ಕೋಸು, ಬಟಾಟೆಯಂತಹ ಪರದೇಶದಿಂದ ಬಂದ ತರಕಾರಿ ಸೇರಿಸುವುದಿಲ್ಲ. ಪಿಂಡಪ್ರದಾನ ಮುಗಿದು, ಬ್ರಾಹ್ಮಣರು ಉಂಡೆದ್ದ ಮೇಲೆ ಮನೆಯವರ ಪಂಕ್ತಿ. ಪುರೋಹಿತರಿಗೆ ತಡವಾದರೆ ನಾವೂ ಕಾಯಬೇಕು; ಮಧ್ಯಾಹ್ನಕ್ಕೆ ಇನ್ನೊಂದು ಆರ್ಡರ್ ಒಪ್ಪಿಕೊಳ್ಳುವ ಮುನ್ನ ಇದು ನೆನಪಿರಲಿ.

ಎಲ್ಲರಿಗೂ ಒಂದೇ ಪಟ್ಟಿ ಇಲ್ಲ

ಲಿಂಗಾಯತ ಪರಂಪರೆಯಲ್ಲಿ ತೀರಿಕೊಂಡವರು ಲಿಂಗೈಕ್ಯರು. ಪಿಂಡ, ಶ್ರಾದ್ಧದ ಮಾತಿಲ್ಲ. ಬಂದವರಿಗೆಲ್ಲ ಉಣಬಡಿಸುವ ದಾಸೋಹ ಅಲ್ಲಿ ದೊಡ್ಡದು, ಎಲೆಯಲ್ಲಿ ಪ್ರಸಾದ ಬಿಡುವುದು ತಪ್ಪು. ಬಡಿಸುವವರು ಕೇಳಿ ಕೇಳಿ ಸ್ವಲ್ಪ ಸ್ವಲ್ಪವೇ ಬಡಿಸಬೇಕು.

ಇನ್ನು ನಮ್ಮ ತುಳುವರಲ್ಲಿ ಹಲವು ಮನೆಗಳು ಆಟಿ ತಿಂಗಳಲ್ಲಿ ಹಿರಿಯರಿಗೆ ಕೋಳಿ ಪದಾರ್ಥವನ್ನೇ ಬಡಿಸುತ್ತವೆ. ಕೆಲವು ದೈವಗಳ ಅಗೆಲಿಗೂ ಅದೇ ಕ್ರಮ. ಪೂಜೆ ಎಂದ ಮಾತ್ರಕ್ಕೆ ಸಸ್ಯಾಹಾರ ಎಂದು ನಾವೇ ತೀರ್ಮಾನಿಸುವುದು ಬೇಡ. ಮೊದಲು ಅರ್ಪಣೆ, ಆಮೇಲೆ ಊಟ ಎಂಬ ನಂಬಿಕೆ ಇಲ್ಲಿಯೂ ಅದೇ, ಅರ್ಪಿಸುವ ಪದಾರ್ಥ ಮಾತ್ರ ಬೇರೆ.

ನಾವು ಮಾಡಬೇಕಾದದ್ದು

ಆರ್ಡರ್ ಪುಸ್ತಕದಲ್ಲಿ ನಾಲ್ಕು ಸಾಲು ಸೇರಿಸಿಕೊಳ್ಳೋಣ: ಕಾರ್ಯ ಯಾವುದು? ನೈವೇದ್ಯ ಇದೆಯೇ, ಎಷ್ಟು ಗಂಟೆಗೆ? ವ್ರತ ಹಿಡಿದವರು ಎಷ್ಟು ಮಂದಿ? ನಿಮ್ಮ ಮನೆಯಲ್ಲಿ ಏನೇನು ಹಾಕುವುದಿಲ್ಲ? ಉತ್ತರವನ್ನು ಮನೆಯ ಹಿರಿಯರಿಂದಲೇ ಕೇಳಿ ಬರೆದುಕೊಳ್ಳಬೇಕು. ಹಾಲ್ ಬುಕ್ ಮಾಡಿದ ಹುಡುಗರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ನೈವೇದ್ಯಕ್ಕೆ, ಫಲಾಹಾರಕ್ಕೆ ಪಾತ್ರೆ, ಸೌಟು ಬೇರೆಯೇ ಇರಲಿ. ಬಡಿಸುವ ಹುಡುಗರಿಗೂ ಬೆಳಿಗ್ಗೆಯೇ ತಿಳಿಸಿರಬೇಕು. ಪಾರ್ಟಿಯವರು ಕಣ್ಣಾರೆ ಕಾಣದ ಅಡುಗೆಮನೆಯಲ್ಲಿ ಅವರ ನಂಬಿಕೆಯನ್ನು ಕಾಯುವ ಜವಾಬ್ದಾರಿ ನಮ್ಮದು. ಮುಂದಿನ ಆರ್ಡರ್ ಬರುವುದೂ ಅದರಿಂದಲೇ.