ಸಂಕಲ್ಪವೂ ಮಿದುಳಿನ ಪೂರ್ವಸಿದ್ಧತೆಯೂ

ಮನುಷ್ಯನು ತನ್ನ ಕರ್ಮಕ್ಕೆ ಸ್ವತಂತ್ರನೋ ಪರತಂತ್ರನೋ ಎಂಬ ವಿವಾದವನ್ನು ಪ್ರಯೋಗಶಾಲೆಗೆ ತಂದವರಲ್ಲಿ ಅಮೆರಿಕದ ಶರೀರಕ್ರಿಯಾವಿಜ್ಞಾನಿ ಬೆಂಜಮಿನ್ ಲಿಬೆಟರು ಮುಖ್ಯರು. 1983ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಪರೀಕ್ಷಿತರು ತಮಗೆ ತೋಚಿದಾಗ ಮಣಿಕಟ್ಟನ್ನು ಬಾಗಿಸಬೇಕಾಗಿದ್ದಿತು. ಆ ಇಚ್ಛೆಯು ಮೊದಲು ಅರಿವಿಗೆ ಬಂದ ಕ್ಷಣವನ್ನು, 2.56 ಸೆಕೆಂಡಿಗೊಮ್ಮೆ ಸುತ್ತುವ ಬೆಳಕಿನ ಬಿಂದುವನ್ನು ನೋಡಿ ಹೇಳಬೇಕಾಗಿದ್ದಿತು. ಇಚ್ಛೆಯ ಅರಿವು ಚಲನೆಗಿಂತ ಸುಮಾರು 200 ಮಿಲಿಸೆಕೆಂಡು ಮುಂಚೆ ಕಂಡುಬಂದಿತು. ಮಿದುಳಿನ ವಿದ್ಯುತ್ಸಂಕೇತವಾದರೋ ಸುಮಾರು 550 ಮಿಲಿಸೆಕೆಂಡು ಮುಂಚೆಯೇ ಮೊದಲಾಗಿದ್ದಿತು. ನಿರ್ಣಯವೆಲ್ಲ ಮಿದುಳಿನದು, ಸಂಕಲ್ಪವು ಬರಿಯ ಆಭಾಸ, ಎಂದು ಕೆಲವರು ಇದರಿಂದ ಸಾಧಿಸಹೊರಟರು. ಹಾಗಾದರೆ ಅಪರಾಧಿಯನ್ನು ದಂಡಿಸುವುದಕ್ಕೂ ಆಧಾರವನ್ನು ಬೇರೆಡೆ ಹುಡುಕಬೇಕಾಗುವುದು! ಲಿಬೆಟರೇ ಅಷ್ಟು ದೂರ ಹೋಗಲಿಲ್ಲ. ಕಾರ್ಯವನ್ನು ಕಡೆಯ ಗಳಿಗೆಯಲ್ಲಿ ತಡೆಯುವ ಶಕ್ತಿಯು ಪ್ರಜ್ಞೆಗೆ ಉಂಟೆಂದರು.

ಆ ಸಂಕೇತವು ನಿರ್ಣಯದ ಗುರುತೇ ಅಹುದೇ ಎಂಬ ಸಂಶಯಕ್ಕೆ 2012ರಲ್ಲಿ ಬಲವಾದ ಕಾರಣವು ದೊರೆಯಿತು. ಮಿದುಳಿನಲ್ಲಿ ಸದಾ ಏಳುತ್ತ ಬೀಳುತ್ತಿರುವ ಅಲೆಗಳು ಒಂದು ಮಿತಿಯನ್ನು ಮುಟ್ಟಿದಾಗ ಚಲನೆಯುಂಟಾಗುವುದೆಂದು ಶುರ್ಗರ್ ಮೊದಲಾದವರು ಪ್ರತಿಪಾದಿಸಿದರು. ಚಲನೆಯ ಕ್ಷಣದಿಂದ ಹಿಂದಕ್ಕೆ ಎಣಿಸಿ ಸರಾಸರಿ ತೆಗೆದರೆ, ನಿರ್ಣಯವಿನ್ನೂ ಆಗದ ಕಾಲದಲ್ಲಿಯೂ ಸಂಕೇತವು ಕ್ರಮವಾಗಿ ಬೆಳೆಯುತ್ತಿದ್ದಂತೆ ತೋರುವುದು. ಇಷ್ಟರಿಂದಲೇ ಸ್ವಾತಂತ್ರ್ಯವು ಸಿದ್ಧವಾಯಿತೆನ್ನಲಾಗದು, ಅಲೆಗಳಿಗೂ ಕಾರಣಗಳಿರಬೇಕಷ್ಟೆ. ಆದರೆ ಮಣಿಕಟ್ಟನ್ನು ಸುಮ್ಮನೆ ಬಾಗಿಸುವುದು, ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಲ್ಲುವಂಥ ಕಾರ್ಯಕ್ಕೆ ನಿದರ್ಶನವಾದೀತೇ? ಅಲ್ಲಿ ದಿನಗಟ್ಟಲೆ ಕಾರಣಗಳನ್ನು ತೂಗಿ ನೋಡುವುದುಂಟು. ಆ ತೂಗುವಿಕೆಯನ್ನು ಈ ಪ್ರಯೋಗವು ಅಳೆದೇ ಇಲ್ಲ.