ಕುರಿ ಹಿಂದೆ ಹೋದವರು ಎಲ್ಲಿದ್ದಾರೆಂದು ಹೇಳುವ ರೇಡಿಯೋ ಡಬ್ಬಿ

ನಮ್ಮದು ಚಳ್ಳಕೆರೆ ಸೀಮೆಯ ಮಳೆಯಾಶ್ರಿತ ಹೊಲ. ಶೇಂಗಾ ಕೈಕೊಟ್ಟ ವರ್ಷ ಕುರಿಯೇ ಗತಿ. ತಮ್ಮ ಬೆಳಿಗ್ಗೆ ಮಂದೆ ಹೊಡೆದುಕೊಂಡು ಗುಡ್ಡದ ಕಡೆ ಹೋದರೆ ಮುಳುಗೋ ಹೊತ್ತಿಗೆ ಬರುತ್ತಾನೆ. ಆ ಗುಡ್ಡದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮೂರು ವರ್ಷದ ಕೆಳಗೆ ಬಂಡೆ ಮೇಲಿಂದ ಜಾರಿ ಕಾಲು ಮುರಿದುಕೊಂಡು ರಾತ್ರಿಯೆಲ್ಲಾ ಅಲ್ಲೇ ಬಿದ್ದಿದ್ದ. ಕುರಿ ತಾವೇ ಮನೆಗೆ ಬಂದವು, ಅವನು ಬರಲಿಲ್ಲ. ಹದಿನೈದು ಜನ ಲಾಟೀನು, ಬ್ಯಾಟರಿ ಹಿಡಿದು ಹುಡುಕಿದೆವು. ಸಿಕ್ಕಿದ್ದು ಬೆಳಕು ಹರಿದ ಮೇಲೆ, ನಾವು ಹುಡುಕಿದ ದಿಕ್ಕಿಗೆ ತಿರುವುಮುರುವಾದ ಕಡೆ.

ನಮ್ಮಕ್ಕನ ಮಗ ಹ್ಯಾಮ್ ರೇಡಿಯೋ ಲೈಸೆನ್ಸ್ ತಗೊಂಡವನು. ಸುದ್ದಿ ಕೇಳಿ ಬಂದವನು, "ಮಾವ, ನಾವು ಹ್ಯಾಮ್‌ನವರು ಎಲ್ಲಿದ್ದೀವಿ ಅಂತ ರೇಡಿಯೋದಲ್ಲೇ ಕಳಿಸ್ತೀವಿ. ಅದಕ್ಕೆ ಮೊಬೈಲ್ ಟವರ್ ಬೇಕಿಲ್ಲ" ಅಂದ. ಜೇಬಿನಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಬ್ಬಿ ತೆಗೆದು ತೋರಿಸಿದ. ಏಳನೇ ಕ್ಲಾಸಿನವನು ನಾನು, ಅದು ಹೇಗೆ ನಡೆಯುತ್ತೆ ಅಂತ ತಿಳಿಯಲಿಕ್ಕೆ ಒಂದು ಬೇಸಿಗೆ ಹಿಡಿಯಿತು. ತಿಳಿದಷ್ಟು ಬರೆಯುತ್ತೇನೆ.

ಡಬ್ಬಿಯೊಳಗೆ ಇರುವುದು ನಾಲ್ಕೇ ಸಾಮಾನು. ಜಿಪಿಎಸ್ ಹಲಗೆ, ಲೆಕ್ಕ ಮಾಡುವ ಚಿಪ್ಪು, ಕಳಿಸುವ ರೇಡಿಯೋ, ಒಂದು ಬ್ಯಾಟರಿ ಸೆಲ್ಲು. ಜಿಪಿಎಸ್ ನಮ್ಮನ್ನು ಮೇಲಿಂದ ನೋಡುತ್ತೆ ಅಂತ ನಾನು ತಿಳಿದಿದ್ದೆ. ಅದು ತಪ್ಪು. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳು ಬರೀ ತಮ್ಮ ಗಡಿಯಾರದ ಹೊತ್ತು, ತಾವಿರುವ ಜಾಗ ಕೂಗುತ್ತಾ ಇರುತ್ತವೆ. ಯಾವ ಕೂಗು ಎಷ್ಟು ತಡವಾಗಿ ಬಂತು ಅಂತ ನೋಡಿ ನಮ್ಮ ಹಲಗೆಯೇ ತಾನಿರುವ ಜಾಗ ಲೆಕ್ಕ ಹಾಕುತ್ತದೆ. ಇದಕ್ಕೆ ಕಡಿಮೆ ಅಂದರೆ ನಾಲ್ಕು ಉಪಗ್ರಹ ಕೇಳಿಸಬೇಕು. ಅದಕ್ಕೇ ಮನೆಯೊಳಗೆ, ದಟ್ಟ ಹುಣಸೆ ಮರದಡಿ ಅದು ತಡವರಿಸುತ್ತೆ. ಬಯಲಿನಲ್ಲಿ ಐದು ನಿಮಿಷ ಇಟ್ಟು ಆಮೇಲೆ ಹೊರಡಬೇಕು. ಜಾಗ ಗೊತ್ತಾಯಿತು ಅಂದರೂ ಅದು ಗೊತ್ತಾಗಿದ್ದು ಡಬ್ಬಿಗೆ ಮಾತ್ರ. ಅದನ್ನು ಮನೆಗೆ ಮುಟ್ಟಿಸುವುದು ರೇಡಿಯೋ ಕೆಲಸ.

ಹ್ಯಾಮ್‌ನವರ ಈ ಪದ್ಧತಿಗೆ ಎಪಿಆರ್‌ಎಸ್ ಅಂತ ಹೆಸರು. ಮಾಡಿದವರು ಅಮೆರಿಕದ ಬಾಬ್ ಬ್ರುನಿಂಗ ಅನ್ನುವವರು, 2022ರಲ್ಲಿ ತೀರಿಕೊಂಡರು. ಕರೆ ಹೆಸರು, ಜಾಗ, ಒಂದೆರಡು ಮಾತು ಇಷ್ಟನ್ನೇ ಪುಟ್ಟ ಕಟ್ಟು ಮಾಡಿ ಆಗಾಗ್ಗೆ ಗಾಳಿಗೆ ಬಿಡುವುದು, ಹತ್ತಿರದವರು ಹಿಡಿದು ಮುಂದಕ್ಕೆ ದಾಟಿಸುವುದು. ಅಳಿಯನ ಡಬ್ಬಿಯಲ್ಲಿ ಇದನ್ನೇ ಲೋರಾ ಅನ್ನುವ ರೇಡಿಯೋದಿಂದ ಕಳಿಸುತ್ತಾರೆ. ಲೋರಾದ ಗುಟ್ಟು ನಮಗೆ ಹೊಸದಲ್ಲ. ಆಚೆ ಹೊಲದವನನ್ನು ಕರೆಯಬೇಕಾದರೆ ಗಡಗಡ ಮಾತಾಡುತ್ತೀವಾ? "ರಾಮಣ್ಣೋ..." ಅಂತ ಎಳೆದು ಕೂಗುತ್ತೀವಿ. ಇದೂ ಹಾಗೇ ಎಳೆದೆಳೆದು ಕೂಗುತ್ತೆ. ಅತಿ ನಿಧಾನದಲ್ಲಿ ಇಟ್ಟರೆ ಇಪ್ಪತ್ತು ಅಕ್ಷರಕ್ಕೆ ಒಂದೂಕಾಲು ಸೆಕೆಂಡಿನ ಮೇಲೆ ಹಿಡಿಯುತ್ತೆ. ಮಾತು, ಚಿತ್ರ ಇದರಲ್ಲಿ ಹೋಗಲ್ಲ. ಆದರೆ ಸಣ್ಣ ಸೆಲ್ಲಿನಲ್ಲೇ ದೂರ ಮುಟ್ಟುತ್ತೆ.

ಇಲ್ಲಿ ಕಾನೂನಿನ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಹ್ಯಾಮ್ ಲೈಸೆನ್ಸ್ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ, ಪರೀಕ್ಷೆ ಪಾಸಾಗಬೇಕು, ಹನ್ನೆರಡು ವರ್ಷ ತುಂಬಿದವರು ಕೂರಬಹುದು. ಲೈಸೆನ್ಸ್ ಇದ್ದರೂ ಹ್ಯಾಮ್ ರೇಡಿಯೋವನ್ನು ವ್ಯಾಪಾರಕ್ಕೆ, ದುಡಿಮೆಗೆ ಬಳಸುವಂತಿಲ್ಲ. ಕುರಿ ಕಾಯುವುದು ನಮ್ಮ ದುಡಿಮೆಯೇ. ಇನ್ನೊಂದು, ಯುರೋಪಿನಲ್ಲಿ ಈ ಡಬ್ಬಿಗಳನ್ನು 433.775 ಮೆಗಾಹರ್ಟ್ಸ್‌ಗೆ ಇಟ್ಟಿರುತ್ತಾರೆ. ನಮ್ಮ ದೇಶದ ಹ್ಯಾಮ್‌ಗಳಿಗೆ ಅಲ್ಲಿ ಕೊಟ್ಟಿರುವುದು 434ರಿಂದ 438. ಹಾಗಾಗಿ ಅಲ್ಲಿಯ ಪ್ರೋಗ್ರಾಂ ಇದ್ದ ಹಾಗೇ ಹಾಕಿದರೆ ಹ್ಯಾಮ್ ಆದವನೂ ತಪ್ಪಿತಸ್ಥನೇ.

ರೈತರಿಗೆ ದಾರಿ ಬೇರೆ ಇದೆ. 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಸರ್ಕಾರ 2005ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದೆ, ಕಳಿಸುವ ಶಕ್ತಿ ಒಂದು ವ್ಯಾಟ್ ಮೀರಬಾರದು. ನಮ್ಮ ಡಬ್ಬಿ ಅದರ ಹತ್ತನೇ ಒಂದು ಪಾಲಿನಲ್ಲೇ ಕೆಲಸ ಮಾಡುತ್ತೆ. ಆದ್ದರಿಂದ ಅಳಿಯನ ಡಬ್ಬಿ ಹ್ಯಾಮ್ ಪಟ್ಟಿಯಲ್ಲಿ, ನಮ್ಮ ತಮ್ಮನದು 866ರಲ್ಲಿ. ಕೊಳ್ಳುವಾಗ 433ರ ಹಲಗೆ, 868ರ ಹಲಗೆ ಅಂತ ಎರಡು ತರ ಸಿಗುತ್ತವೆ, ಎರಡನೆಯದನ್ನೇ ಕೇಳಿ ತಗೊಳ್ಳಿ.

ಎಲ್ಲಾ ಒಂದೇ ಹಲಗೆಯಲ್ಲಿ ಕೂಡಿಸಿದ್ದೂ ಬರುತ್ತೆ, ರೇಟು ಜಾಸ್ತಿ. ನಾವು ಬಿಡಿಬಿಡಿ ತಂದು ಬೆಸುಗೆ ಹಾಕಿದೆವು. ಕುರಿ ಕಡೆಯ ಡಬ್ಬಿಗೆ ಸುಮಾರು ಸಾವಿರದ ಐನೂರು, ಜಿಪಿಎಸ್ ಬೇಡವಾದ್ದರಿಂದ ಮನೆ ಕಡೆಯದಕ್ಕೆ ಸಾವಿರದ ಇನ್ನೂರು ಬಿತ್ತು. ಇದರಲ್ಲಿ ನಾನು ಸುಟ್ಟ ರೇಡಿಯೋ ಹಲಗೆ ಸೇರಿಲ್ಲ! ಅದಕ್ಕೆ 3.3 ವೋಲ್ಟ್ ಮಾತ್ರ ಕೊಡಬೇಕು, ನಾನು ಐದು ಕೊಟ್ಟೆ. ಇನ್ನೊಂದು ಸಲ ಎರಡು ದಿನ ಒದ್ದಾಡಿದ್ದು ತಂತಿ ತಪ್ಪಿಗೆ. ಜಿಪಿಎಸ್‌ನ ಹೇಳುವ ಕಾಲನ್ನು ಚಿಪ್ಪಿನ ಕೇಳುವ ಕಾಲಿಗೆ ಸೇರಿಸಬೇಕು. ಹೇಳುವುದಕ್ಕೆ ಹೇಳುವುದೇ ಸೇರಿಸಿದರೆ ಇಬ್ಬರೂ ಮಾತಾಡುತ್ತಾರೆ, ಕೇಳುವವರಿಲ್ಲ. ಆಂಟೆನಾ ಹಾಕದೆ ಯಾವತ್ತೂ ಕಳಿಸಬೇಡಿ, ಕಳಿಸುವ ಚಿಪ್ಪು ಸುಡಬಹುದು. ಪ್ರೋಗ್ರಾಂ ಪುಕ್ಕಟೆ ಸಿಗುತ್ತೆ, ತುಂಬಿಸಲು ಕಂಪ್ಯೂಟರ್ ಬಲ್ಲ ಹುಡುಗರು ಬೇಕು.

ಆಂಟೆನಾಕ್ಕೆ ದುಡ್ಡು ಹಾಕಬೇಕಿಲ್ಲ. 7500ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಬಂದದ್ದು ಸೆಂಟಿಮೀಟರ್ ಉದ್ದ. 866ಕ್ಕೆ 8.7 ಹತ್ತಿರ, 435ಕ್ಕೆ 17.2. ಅಷ್ಟುದ್ದದ ತಾಮ್ರದ ತಂತಿ ನೆಟ್ಟಗೆ, ಅದರ ಬುಡದಿಂದ ಅಷ್ಟೇ ಉದ್ದದ ನಾಲ್ಕು ತಂತಿ ಕೆಳಕ್ಕೆ ಓರೆಯಾಗಿ, ಕೊಡೆ ಬಿಚ್ಚಿದ ಹಾಗೆ. ಕೆಳಗಿನ ನಾಲ್ಕು ಮೇಲಿನದಕ್ಕೆ ತಾಗಬಾರದು. ಇದನ್ನು ಬಿದಿರು ಗಳಕ್ಕೆ ಕಟ್ಟಿ ನೀರಿನ ಟ್ಯಾಂಕಿನ ಮೇಲೆ ಏರಿಸಿದೆವು. ಜಗಲಿ ಮೇಲೆ ಇಟ್ಟಾಗ ಎರಡು ಕಿಲೋಮೀಟರಿಗೇ ನಿಲ್ಲುತ್ತಿತ್ತು, ಮೇಲೇರಿಸಿದ ಮೇಲೆ ಐದು ದಾಟಿತು. ಶಕ್ತಿ ಹೆಚ್ಚಿಸುವುದಕ್ಕಿಂತ ಎತ್ತರ ಹೆಚ್ಚಿಸುವುದು ಲಾಭ.

ಮೊದಲು ಡಬ್ಬಿಯನ್ನು ಮುಂದಾಳು ಟಗರಿನ ಕೊರಳಿಗೆ ಕಟ್ಟಿದ್ದೆವು. ಜಾಲಿ ಪೊದೆಗೆ ತಿಕ್ಕಿ ಮೂರೇ ದಿನಕ್ಕೆ ಆಂಟೆನಾ ಮುರಿಯಿತು. ಮೈಗೆ ಅಂಟಿಕೊಂಡಿದ್ದರೆ ಸದ್ದೂ ಕುಗ್ಗುತ್ತೆ, ನೀರು ತುಂಬಿದ ಮೈ ರೇಡಿಯೋವನ್ನು ಹೀರುತ್ತೆ. ಈಗ ತಮ್ಮನ ಹೆಗಲ ಚೀಲದ ಮೇಲ್ತುದಿಯಲ್ಲಿ ಆಂಟೆನಾ ನೆಟ್ಟಗೆ ನಿಲ್ಲುವಂತೆ ಹೊಲಿದಿದ್ದೇವೆ. ಟಗರಿಗಿಂತ ತಮ್ಮ ಮುಖ್ಯ ಅಂತ ನಮ್ಮವ್ವ ಬೈದದ್ದೂ ಒಂದು ಕಾರಣ.

ಮನೆ ಡಬ್ಬಿಯಲ್ಲಿ ಬರುವುದು ಎರಡು ಅಂಕಿ. ನಕ್ಷೆ ಇಲ್ಲದೆಯೂ ಓದಬಹುದು. ಮೊದಲನೆಯದು ಉತ್ತರ ದಕ್ಷಿಣ, ಎರಡನೆಯದು ಪೂರ್ವ ಪಶ್ಚಿಮ. ಬಿಂದುವಿನ ನಂತರದ ಮೂರನೇ ಸ್ಥಾನ ಒಂದು ಬದಲಾದರೆ ಉತ್ತರಕ್ಕೆ 111 ಮೀಟರ್, ಪೂರ್ವಕ್ಕೆ ನಮ್ಮ ಸೀಮೆಯಲ್ಲಿ ಸುಮಾರು 108. ಮನೆ 14.298, 76.640 ಇದ್ದು, ತಮ್ಮನ ಡಬ್ಬಿ 14.312, 76.651 ಅಂದರೆ ಹದಿನಾಲ್ಕು ಪಾಲು ಉತ್ತರ, ಹನ್ನೊಂದು ಪಾಲು ಪೂರ್ವ. ಒಂದೂವರೆ ಕಿಲೋಮೀಟರ್ ಮೇಲಕ್ಕೆ, ಒಂದು ಕಾಲು ಬಲಕ್ಕೆ. ಗೋಡೆಗೆ ಚೌಕಳಿ ಕಾಗದ ಅಂಟಿಸಿ ಗುಡ್ಡ, ಕಟ್ಟೆ, ಹಳ್ಳ ಬರೆದಿದ್ದೇವೆ. ನಾದಿನಿ ಅಂಕಿ ನೋಡಿ ಬೆರಳಿಟ್ಟು ತೋರಿಸುತ್ತಾಳೆ, ನನಗಿಂತ ಬೇಗ.

ಗುಡ್ಡದ ಹಿಂದಕ್ಕೆ ಇಳಿದರೆ ಸದ್ದಿಲ್ಲ, ಇದಕ್ಕೆ ಮದ್ದಿಲ್ಲ. ಆದ್ದರಿಂದ ಮನೆ ಡಬ್ಬಿ ಕೊನೆಗೆ ಕೇಳಿದ ಜಾಗ ಮತ್ತು ಹೊತ್ತನ್ನು ಅಳಿಸದೆ ಉಳಿಸಿಕೊಳ್ಳುವಂತೆ ಮಾಡಿಸಿ. ಹೋದ ಕಾರ್ತೀಕದಲ್ಲಿ ಏಳು ಗಂಟೆಯಾದರೂ ತಮ್ಮ ಬರಲಿಲ್ಲ. ಕೊನೆಯ ಅಂಕಿ ಐದು ಮುಕ್ಕಾಲಿನದು, ಬಂಡೆ ಸಾಲಿನ ಬಡಗಣ ಬಾಯಲ್ಲಿ. ನಾವು ಇಬ್ಬರೇ ನೆಟ್ಟಗೆ ಅಲ್ಲಿಗೆ ಹೋದೆವು. ಆಚೆ ಬದಿ ಹಳ್ಳದಲ್ಲಿ ಕುರಿಯೊಂದು ಮರಿ ಹಾಕಲಾರದೆ ಒದ್ದಾಡುತ್ತಿತ್ತು, ಬಿಟ್ಟು ಬರಲಾರದೆ ಕೂತಿದ್ದ. ಒಂದು ಮರಿ ಉಳಿಯಿತು.

ಸೆಲ್ಲು ಒಂದು ದಿನ ಬರುತ್ತೆ, ವೈಫೈ ಆರಿಸಿಟ್ಟರೆ ಮಾತ್ರ. ಮಳೆಗಾಲಕ್ಕೆ ಡಬ್ಬಿಯ ಸಂದಿಗೆ ಸೈಕಲ್ ಟ್ಯೂಬು ಕತ್ತರಿಸಿ ಹಾಕಿದ್ದೇವೆ, ಒಳಗೆ ಬೆವರು ಕಟ್ಟುವುದು ಇನ್ನೂ ನಿಂತಿಲ್ಲ.