ಚುಕ್ಕೆಯಿಂದ ಎಳೆಗೆ: ಉಸಿರಿನ ನರಗಳನ್ನು ಇಡಿಯಾಗಿ ಕಾಣುವ ಬಗೆ

ಬಿಸಿ ಬೋಂಡಾ ಕಟ್ಟಿಕೊಟ್ಟ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. ಎಣ್ಣೆ ಇಳಿದ ಕಡೆ ಆಚೆ ಬದಿಯ ಅಕ್ಷರ ಕಾಣುತ್ತದೆ. ಕಾಗದದ ನಾರುಗಳ ನಡುವೆ ಗಾಳಿ ತುಂಬಿದ ಸಂದುಗಳಿರುತ್ತವೆ; ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ದಾಟುವಾಗಲೆಲ್ಲ ಬೆಳಕು ಬಾಗಿ ಚದುರುತ್ತದೆ, ಕಾಗದ ಬೆಳ್ಳಗೆ ಕಾಣುತ್ತದೆ. ಆ ಸಂದುಗಳಿಗೆ ಎಣ್ಣೆ ಇಳಿದರೆ ಬೆಳಕು ನೆಟ್ಟಗೆ ದಾಟಿಹೋಗುತ್ತದೆ, ಏಕೆಂದರೆ ನಾರು ಮತ್ತು ಎಣ್ಣೆ ಬೆಳಕನ್ನು ಬಾಗಿಸುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಶ್ವಾಸಕೋಶದ ನರಗಳನ್ನು ಕೊಯ್ಯದೆ ನೋಡುವ ವಿದ್ಯೆ ನಿಂತಿರುವುದು ಇದೇ ಗುಟ್ಟಿನ ಮೇಲೆ.

ಕೈಯಲ್ಲಿ ‘ನರ ಉಬ್ಬಿದೆ’ ಎನ್ನುತ್ತೇವಲ್ಲ, ಅದು ರಕ್ತನಾಳ. ಇಲ್ಲಿ ಹೇಳುತ್ತಿರುವುದು ಸುದ್ದಿ ಒಯ್ಯುವ ಎಳೆಗಳ ಮಾತು. ಮಿದುಳಿನ ಬುಡದಿಂದ ಹೊರಟ ವೇಗಸ್ ನರ ಕುತ್ತಿಗೆಯಲ್ಲಿ ಇಳಿದುಬಂದು ಶ್ವಾಸನಾಳಗಳ ಜೊತೆಜೊತೆಗೇ ಕವಲೊಡೆಯುತ್ತದೆ. ಹೊಗೆ ಹೊಕ್ಕರೆ ಕೆಮ್ಮು ಬರಿಸುವುದು, ನಾಳದ ಸುತ್ತಲಿನ ಸ್ನಾಯುವನ್ನು ಬಿಗಿಯುವುದು ಇದರ ಎಳೆಗಳೇ. ಉಸಿರು ತುಂಬಿದ ಸುದ್ದಿಯೂ ಇದರ ಮೂಲಕವೇ ಮಿದುಳಿಗೆ ಹೋಗುತ್ತದೆ ಎಂದು ಹೇರಿಂಗ್ ಮತ್ತು ಬ್ರಾಯರ್ 1868ರಲ್ಲೇ ತೋರಿಸಿಕೊಟ್ಟಿದ್ದರು. ಆದರೆ ಎಳೆಗಳ ಹಂದರ ಇಡಿಯಾಗಿ ಕಣ್ಣಿಗೆ ಬಿದ್ದಿರಲಿಲ್ಲ. ಅಂಗಾಂಶವನ್ನು ಕೆಲವೇ ಮೈಕ್ರಾನ್ ತೆಳುವಾಗಿ ಸೀಳಿ ನೋಡುವುದು ವಾಡಿಕೆ. ಸೀಳಿನಲ್ಲಿ ನರವೆಂದರೆ ಬಹುಪಾಲು ಒಂದು ಚುಕ್ಕೆ. ಚುಕ್ಕೆ ಇಟ್ಟು ಎಳೆ ಬಿಡದ ರಂಗೋಲಿಯಂತೆ.

ಅಂಗಾಂಶವನ್ನೇ ಪಾರದರ್ಶಕ ಮಾಡುವ ಪ್ರಯತ್ನ ಹೊಸದಲ್ಲ. ಲೈಪ್‌ಜಿಗ್‌ನ ಅಂಗರಚನಾ ತಜ್ಞ ವೆರ್ನರ್ ಸ್ಪಾಲ್ಟೆಹೋಲ್ಟ್ಸ್ 1910ರ ದಶಕದಲ್ಲೇ ಅದನ್ನು ಮಾಡಿದ್ದರು. ಅವರು ಬಳಸಿದ ದ್ರವಗಳಲ್ಲಿ ಒಂದು ಮೀಥೈಲ್ ಸ್ಯಾಲಿಸಿಲೇಟ್. ಬೆನ್ನುನೋವಿಗೆ ಹಚ್ಚುವ ಮುಲಾಮಿನ ಘಾಟು ವಾಸನೆ ಅದರದೇ. 2014ರಲ್ಲಿ ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದ ತಂಡ ‘ಐಡಿಸ್ಕೊ’ ಎಂಬ ವಿಧಾನ ಪ್ರಕಟಿಸಿದ ಮೇಲೆ, ಗುರುತುಹಚ್ಚಿದ ನರಗಳನ್ನು ಇಡೀ ಅಂಗದಲ್ಲೇ ನೋಡುವ ದಾರಿ ಸಲೀಸಾಯಿತು.

ಶ್ವಾಸಕೋಶ ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. ಗಾಳಿಗೆಂದೇ ಹುಟ್ಟಿದ ಅಂಗ ಅದು. ಒಳಗೆ ಉಳಿದ ಒಂದು ಗುಳ್ಳೆ ಸಾಕು, ಅದರ ಹಿಂದಿನದೆಲ್ಲ ಮಸುಕು. ಗಾಳಿ ತೆಗೆದರೋ ಮುದುಡಿ ಆಕಾರ ಕೆಡುತ್ತದೆ. ಅದಕ್ಕೇ ಇಲಿಯ ಶ್ವಾಸಕೋಶವಾದರೆ ಮೊದಲು ಹೃದಯದ ಬಲಗೋಣೆಯಿಂದ ಉಪ್ಪುನೀರು ಹಾಯಿಸುತ್ತಾರೆ. ನಸುಗೆಂಪಿನ ಹಾಲೆಗಳು ನೋಡನೋಡುತ್ತ ಬೆಳ್ಳಗಾಗುತ್ತವೆ, ರಕ್ತ ತೊಳೆದುಹೋಯಿತೆಂದು ತಿಳಿಯುವುದು ಹಾಗೆ. ಬಳಿಕ ಶ್ವಾಸನಾಳದ ಮೂಲಕ ದ್ರವವನ್ನೋ ತಣಿದರೆ ಗಟ್ಟಿಯಾಗುವ ಬೆಚ್ಚಗಿನ ಅಗರೋಸ್ ಅಂಟನ್ನೋ ಹದವಾಗಿ ತುಂಬುತ್ತಾರೆ. ಒತ್ತಡ ಹೆಚ್ಚಿದರೆ ಗಾಳಿಗೂಡುಗಳು ಒಡೆಯುತ್ತವೆ, ಕಡಿಮೆಯಾದರೆ ಮುದುಡಿಯೇ ಉಳಿಯುತ್ತವೆ. ಈ ಹದ ಪುಸ್ತಕದಿಂದ ಬರುವುದಲ್ಲ, ಕೈಗೆ ಹತ್ತಬೇಕು. ನನಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಗೌರವ ಮೂಡಿಸುವ ಘಟ್ಟ ಇದು.

ಮುಂದೆ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಉಳಿದ ಬಣ್ಣ ಕಳೆಯುತ್ತಾರೆ. ನರಕ್ಕೇ ಹೋಗಿ ಅಂಟುವ, ಹೊಳೆಯುವ ಗುರುತು ಹೊತ್ತ ಪ್ರತಿಕಾಯಗಳಲ್ಲಿ ದಿನಗಟ್ಟಲೆ ನೆನೆಸುತ್ತಾರೆ. ಅವಸರಪಟ್ಟರೆ ಹೊರಪದರಕ್ಕಷ್ಟೇ ಬಣ್ಣ ಹತ್ತುತ್ತದೆ. ಆಮೇಲೆ ಮೆಥನಾಲಿನಲ್ಲಿ ನೀರು ತೆಗೆದು, ಕೊಬ್ಬು ಕಳೆದು, ಡೈಬೆಂಜೈಲ್ ಈಥರಿನಲ್ಲಿ ಮುಳುಗಿಸುತ್ತಾರೆ. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಪ್ರಮಾಣ) 1.33, ಈ ದ್ರವದ್ದು 1.56, ನೀರು, ಕೊಬ್ಬು ಕಳೆದುಕೊಂಡ ಅಂಗಾಂಶದ್ದೂ ಅದರ ಹತ್ತಿರವೇ. ಬೋಂಡಾದ ಕಾಗದದಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಹಾಲಿನಂತೆ ಬೆಳ್ಳಗಿದ್ದ ತುಂಡು ತೆಳು ಜೇನುಬಣ್ಣದ ಗಾಜಾಗುತ್ತದೆ.

ಇನ್ನು ಬೆಳಕು. ಹೆಂಚಿನ ಸಂದಿನಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಮಿನುಗುವುದನ್ನು ಕಂಡಿದ್ದೀರಿ. ಪಕ್ಕದಿಂದ ಬೆಳಕು ಬಿದ್ದಾಗ ಸಣ್ಣದೂ ಎದ್ದು ಕಾಣುತ್ತದೆ. ಈ ತತ್ವದ ಮೇಲೆ ಜೀಡೆನ್‌ಟಾಪ್ಫ್ ಮತ್ತು ಜಿಗ್ಮಂಡಿ 1903ರಲ್ಲಿ ಸೂಕ್ಷ್ಮದರ್ಶಕ ಕಟ್ಟಿದರು. 2004ರಲ್ಲಿ ಹೈಡೆಲ್‌ಬರ್ಗಿನ ಸಂಶೋಧಕರು ಅದನ್ನು ಜೀವವಿಜ್ಞಾನಕ್ಕೆ ಹೊಸದಾಗಿ ಒಗ್ಗಿಸಿದರು. ತೆಳು ಹಾಳೆಯಂಥ ಲೇಸರ್ ಬೆಳಕು ಪದರ ಪದರವಾಗಿ ಸಾಗುತ್ತದೆ, ಕ್ಯಾಮೆರಾ ಪ್ರತಿ ಪದರವನ್ನೂ ಹಿಡಿಯುತ್ತದೆ, ಕಂಪ್ಯೂಟರು ಎಲ್ಲವನ್ನೂ ಒಂದರ ಮೇಲೊಂದು ಜೋಡಿಸುತ್ತದೆ. ಶ್ವಾಸನಾಳಕ್ಕೆ ಹಬ್ಬಿದ ನರಬಳ್ಳಿಯನ್ನು ಯಾವ ಮಗ್ಗುಲಿಗೆ ಬೇಕಾದರೂ ತಿರುಗಿಸಿ ನೋಡಬಹುದು.

ಆದರೂ ಹೊಳೆದದ್ದೆಲ್ಲ ನರವಲ್ಲ. ನರಗಳಿಗೆ ಹಚ್ಚುವ ‘ಪಿಜಿಪಿ 9.5’ ಗುರುತು ಶ್ವಾಸನಾಳದ ನರ-ಅಂತಃಸ್ರಾವಕ ಕೋಶಗಳಿಗೂ ಹತ್ತುತ್ತದೆ. ಎಳೆ ಯಾವುದು, ಕೋಶ ಯಾವುದು ಎಂದು ಬಿಡಿಸಿ ಹೇಳಲು ಪಳಗಿದ ಕಣ್ಣೇ ಬೇಕು.

ಅಮೆರಿಕದ ಆರಿಗನ್ ಹೆಲ್ತ್ ಅಂಡ್ ಸೈನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಬಗೆಯ ಕುಸುರಿಯಿಂದ ಮನುಷ್ಯರ ಶ್ವಾಸನಾಳದ ತುಣುಕುಗಳಲ್ಲಿ ನರದ ಉದ್ದವನ್ನೂ ಕವಲುಗಳನ್ನೂ ಅಳೆದರು. 2018ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ಮಧ್ಯಮ ತೀವ್ರತೆಯ ಬಿಡದ ಉಬ್ಬಸವಿದ್ದವರಲ್ಲಿ ಒಳಪದರದ ಸಂವೇದನಾ ನರಗಳು ಆರೋಗ್ಯವಂತರಿಗಿಂತ ಹೆಚ್ಚು ಬೆಳೆದಿದ್ದವು, ಹೆಚ್ಚು ಕವಲೊಡೆದಿದ್ದವು. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳಿಗೂ ಈ ಬೆಳವಣಿಗೆಗೂ ನಂಟು ಕಂಡಿತು. ಚುಕ್ಕೆ ಎಣಿಸುತ್ತ ಕೂತಿದ್ದರೆ ಈ ಉದ್ದ ಅಳತೆಗೆ ಸಿಗುತ್ತಿರಲಿಲ್ಲ.

ಬದುಕಿರುವವರ ಎದೆಯೊಳಗಿನ ಈ ಎಳೆಗಳನ್ನು ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ತೋರಿಸಲಾರದು. ಆ ಅಧ್ಯಯನಕ್ಕೆ ಒದಗಿದ್ದು, ಗಂಟಲೊಳಗೆ ಕೊಳವೆ ಇಳಿಸಿಕೊಳ್ಳಲು ಒಪ್ಪಿದವರು ಕೊಟ್ಟ ಅಕ್ಕಿನುಚ್ಚಿನಷ್ಟು ತುಣುಕುಗಳು.